ಲಾರಿ ಚಾಸಿಯ ಮೋಟರ್‌ಹೋಮನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಕಳುಹಿಸುವುದು: ಅಳತೆಯಿಂದ ಕಾರ್ನೆಟ್ ಮುಚ್ಚುವವರೆಗೆ

ಸಮುದ್ರದಲ್ಲಿ ಗಾಡಿ ಕಳೆದುಕೊಂಡ ಕುಟುಂಬಗಳು ತೀರಾ ಅಪರೂಪ. ಗಾಡಿ ಬಂದರಿನಲ್ಲಿ ಸಿಕ್ಕಿಬಿದ್ದು, ದಿನದ ಬಾಡಿಗೆ ಏರುತ್ತಾ, ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನಲ್ಲಿ ಕಾಯುತ್ತಾ ಪ್ರವಾಸದ ಮೊದಲ ವಾರಗಳನ್ನು ಕಳೆದವರು ಮಾತ್ರ ಮತ್ತೆ ಮತ್ತೆ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಒಂದೇ. ಮೊದಲು ಹಡಗು ಬುಕ್ ಮಾಡಿದರು, ಆಮೇಲೆ ಗಾಡಿಯನ್ನು ಬೇರೆ ದೇಶಕ್ಕೆ ತಾತ್ಕಾಲಿಕವಾಗಿ ಒಯ್ಯಲು ಬೇಕಾದ ಕಸ್ಟಮ್ಸ್ ಪುಸ್ತಕವಾದ ಕಾರ್ನೆಟ್‌ಗೆ ಓಡಿದರು. ಆಗ ಆರ್‌ಸಿಯಲ್ಲಿ ಗಾಡಿ ಇನ್ನೂ ಸರಕು ಸಾಗಣೆಯದ್ದೆಂದೇ ಇರುವುದು ಕಣ್ಣಿಗೆ ಬಿತ್ತು. ಈ ಕೆಲಸದಲ್ಲಿ ಕಷ್ಟದ ಹೆಜ್ಜೆ ಎಂಬುದು ಇಲ್ಲ, ಹೆಜ್ಜೆಗಳ ಕ್ರಮವೇ ಎಲ್ಲ. ಅಳತೆ, ಆರ್‌ಸಿ, ಕಾರ್ನೆಟ್, ಹಡಗು, ವಿಮಾನದ ಟಿಕೆಟ್: ಈ ಸಾಲನ್ನು ಹಿಂದುಮುಂದು ಮಾಡಬೇಡಿ.

ಕರ್ನಾಟಕದಲ್ಲಿ ನೋಂದಣಿಯಾದ, ಲಾರಿ ಅಥವಾ ಮಿನಿಲಾರಿ ಚಾಸಿಯ ಮೇಲೆ ಮನೆಯಂತೆ ಕಟ್ಟಿಸಿದ ಗಾಡಿಯನ್ನು ಚೆನ್ನೈ ಅಥವಾ ಮುಂಬೈ ಕಡೆಯಿಂದ ಕೀನ್ಯಾದ ಮೊಂಬಾಸಾಕ್ಕೆ ಕಳುಹಿಸಿ, ಅಲ್ಲಿಂದ ತಾಂಜಾನಿಯಾ, ಉಗಾಂಡಾ, ಜಾಂಬಿಯಾ ಸುತ್ತಿ ಮರಳಿ ತರುವುದನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಮೊದಲ ಸಾಗರ ಪ್ರಯಾಣಕ್ಕೆ ಪೂರ್ವ ಆಫ್ರಿಕಾವೇ ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ, ಸ್ಟಿಯರಿಂಗ್ ಬಲಗಡೆಯೇ ಇರುತ್ತದೆ, ಕಾರ್ನೆಟ್‌ನ ಪರಿಚಯ ಅಲ್ಲಿನ ಕಸ್ಟಮ್ಸ್‌ನವರಿಗೆ ಚೆನ್ನಾಗಿದೆ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳ ಕಾರಣ ಅನೇಕ ಹಡಗು ಕಂಪನಿಗಳು ಯುರೋಪಿಗೆ ಗುಡ್‌ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಮೊಂಬಾಸಾದ ದಾರಿ ಆ ಕಡಲನ್ನು ಮುಟ್ಟುವುದೇ ಇಲ್ಲ. ಬೇರೆ ಬಂದರು ಆರಿಸಿಕೊಂಡರೂ ಕೆಳಗಿನ ಕ್ರಮ ಬದಲಾಗುವುದಿಲ್ಲ.

ಆರು ತಿಂಗಳು ಮುಂಚೆ ಶುರು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮುಂಗಾರಿನಿಂದ ಒರಟಾಗಿರುತ್ತದೆ. ಕೀನ್ಯಾದಲ್ಲಿ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ. ಹಾಗಾಗಿ ದೀಪಾವಳಿ ಕಳೆದ ಮೇಲೆ ಗಾಡಿ ಹಡಗು ಹತ್ತಿ, ಹೊಸ ವರ್ಷದ ಹೊತ್ತಿಗೆ ಕೈಗೆ ಸಿಗುವಂತೆ ಲೆಕ್ಕ ಹಾಕುವುದು ಒಳ್ಳೆಯದು.

ಹಂತ 1: ಅಳೆಯಿರಿ, ತೂಗಿಸಿ

ಉದ್ದ, ಅಗಲ, ಎತ್ತರವನ್ನು ಬಾಡಿ ಕಟ್ಟಿದವರ ಕಾಗದದಿಂದ ಎತ್ತಿಕೊಳ್ಳಬೇಡಿ. ಸಮತಟ್ಟಾದ ನೆಲದ ಮೇಲೆ, ಟೈರಿಗೆ ಪೂರ್ತಿ ಗಾಳಿ ಹಾಕಿಸಿ, ಟೇಪು ಹಿಡಿದು ನೀವೇ ಅಳೆಯಿರಿ. ಹಡಗಿನವರು ಅತ್ಯಂತ ಹೊರಗೆ ಚಾಚಿದ ಬಿಂದುವಿನಿಂದ ಲೆಕ್ಕ ಹಿಡಿಯುತ್ತಾರೆ. ಮೇಲೆ ಸೌರಫಲಕ, ಎಸಿ, ಗಾಳಿಕಿಂಡಿಯ ಮುಚ್ಚಳ. ಹಿಂದೆ ಏಣಿ, ಸ್ಟೆಪ್ನಿ, ಸೈಕಲ್ ಸ್ಟ್ಯಾಂಡ್. ಪಕ್ಕದಲ್ಲಿ ಮಡಚಿದ ಚಪ್ಪರ. ಇವೆಲ್ಲವೂ ಸೇರುತ್ತವೆ.

ಗಾಡಿಯನ್ನು ಓಡಿಸಿಕೊಂಡೇ ಒಳಗೆ ಒಯ್ಯುವ ರೋ-ರೋ ಹಡಗುಗಳಲ್ಲಿ ಬಾಡಿಗೆ ಬಹುತೇಕ ಘನಮೀಟರ್ ಲೆಕ್ಕದಲ್ಲಿ ಬರುತ್ತದೆ. 6.5 ಮೀಟರ್ ಉದ್ದ, 2.2 ಮೀಟರ್ ಅಗಲ, 3.1 ಮೀಟರ್ ಎತ್ತರದ ಗಾಡಿ 44.33 ಘನಮೀಟರ್ ಆಗುತ್ತದೆ. ಚಾವಣಿಯ ಮೇಲೆ 25 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಇದ್ದರೆ ಮೂರೂವರೆ ಘನಮೀಟರಿಗೂ ಹೆಚ್ಚು ಕೂಡಿಕೊಳ್ಳುತ್ತದೆ, ಏಕೆಂದರೆ ಪೆಟ್ಟಿಗೆ ಚಿಕ್ಕದಾದರೂ ಗಾಡಿಯ ಇಡೀ ಉದ್ದಗಲಕ್ಕೆ ಆ ಎತ್ತರ ಗುಣಿಸುತ್ತದೆ. ಆ ಪೆಟ್ಟಿಗೆಯನ್ನು ಬಿಚ್ಚಿ ಒಳಗಿಡಲು ಆಗುವುದಾದರೆ ಬಿಚ್ಚಿ. ಅಳತೆ ಮುಗಿದ ಮೇಲೆ ಹೊಸದಾಗಿ ಏನನ್ನೂ ಹೊರಗೆ ಜೋಡಿಸಬೇಡಿ. ಬಂದರಿನಲ್ಲಿ ಮತ್ತೊಮ್ಮೆ ಅಳೆದು ವ್ಯತ್ಯಾಸ ಕಂಡರೆ ಬಿಲ್ ತಿದ್ದುವುದಕ್ಕೇ ದಿನಗಳು ಹೋಗುತ್ತವೆ.

ತೂಕಕ್ಕೆ ವೇಬ್ರಿಡ್ಜ್‌ಗೆ ಹೋಗಿ. ನೀರು, ಡೀಸೆಲ್ ತುಂಬಿಸಿ ಒಮ್ಮೆ, ಖಾಲಿ ಮಾಡಿ ಒಮ್ಮೆ ತೂಗಿಸಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ತೂಕವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮೊಂಬಾಸಾದಿಂದ ನೈರೋಬಿಗೆ ಹೋಗುವ ಹೆದ್ದಾರಿಯಲ್ಲಿ ಮರಿಯಾಕಾನಿ ಮೊದಲಾದ ಕಡೆ ತೂಕದ ಠಾಣೆಗಳಿವೆ. ಅಲ್ಲಿ ಈ ಚೀಟಿ ಉಪಯೋಗಕ್ಕೆ ಬರುತ್ತದೆ.

ಹಂತ 2: ಆರ್‌ಸಿ ಮತ್ತು ಹೆಸರು

ಮುಂದಿನ ಎಲ್ಲ ಕಾಗದಗಳೂ ಆರ್‌ಸಿಯಿಂದ ನಕಲಾಗುತ್ತವೆ. ಆರ್‌ಸಿಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಆ ತಪ್ಪು ಕಾರ್ನೆಟ್, ವಿಮೆ, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕು ರಸೀದಿ) ಮೂರಕ್ಕೂ ಹರಡುತ್ತದೆ. ಅದಕ್ಕೇ ಈ ಹಂತದಲ್ಲಿ ಅವಸರ ಬೇಡ.

ಬಾಡಿಯ ವಿಧ ಮೋಟರ್ ಕ್ಯಾರವಾನ್ ಅಥವಾ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂದು ಇದೆಯೇ ನೋಡಿ. ಲಾರಿ ಕೊಂಡು ಮೇಲೆ ಮನೆ ಕಟ್ಟಿಸಿ, ಆರ್‌ಸಿ ಬದಲಾಯಿಸದೆ ಓಡಿಸುತ್ತಿದ್ದರೆ ಅದು ಇಲ್ಲಿಯೇ ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮನಬಂದಂತೆ ವಾಹನದ ರೂಪ ಬದಲಿಸುವಂತಿಲ್ಲ. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡ ಇದೆ. ಅದರಂತೆ ಕಟ್ಟುವ, ಅನುಮೋದನೆ ಇರುವ ಬಾಡಿ ಬಿಲ್ಡರ್ ಬಳಿ ಮಾಡಿಸಿದ್ದರೆ ಆರ್‌ಟಿಒ ಕೆಲಸ ಹಗುರ. ಇಲ್ಲದಿದ್ದರೆ ಇದೊಂದಕ್ಕೇ ತಿಂಗಳುಗಳು ಬೇಕಾಗಬಹುದು.

ಇನ್ನು ಹೆಸರು. ನಮ್ಮಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಆರ್‌ಸಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಊರು, ತಂದೆಯ ಹೆಸರು ಎಲ್ಲ ಬಿಡಿಸಿಕೊಂಡು ಉದ್ದವಾಗಿ ನಿಂತಿರುತ್ತದೆ. ಇಬ್ಬರೂ ಒಬ್ಬರೇ ಎಂದು ಮೊಂಬಾಸಾದ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಆರ್‌ಸಿಯಲ್ಲಿ ಪಾಸ್‌ಪೋರ್ಟಿನಂತೆಯೇ ಹೆಸರು ತಿದ್ದಿಸಿ. ಅಫಿಡವಿಟ್ ಇಟ್ಟುಕೊಂಡರೆ ಸಾಕು ಎನ್ನುವವರ ಮಾತು ಕೇಳಬೇಡಿ. ಅದು ನಮ್ಮ ಕಚೇರಿಗಳಲ್ಲಿ ನಡೆಯುತ್ತದೆ, ಗಡಿಯಾಚೆ ನಡೆಯುವ ಭರವಸೆ ಇಲ್ಲ.

ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು. ಆರ್‌ಸಿಯ ಅವಧಿ, ಫಿಟ್‌ನೆಸ್ ಪ್ರಮಾಣಪತ್ರ ಇವು ಪ್ರವಾಸದ ನಡುವೆ ಮುಗಿಯದಂತೆ ನೋಡಿಕೊಳ್ಳಿ.

ಕೊನೆಯದಾಗಿ ಚಾಸಿ ನಂಬರ್. ಗಾಡಿಯ ಕೆಳಗೆ ನುಗ್ಗಿ, ಚಾಸಿಯ ಪಟ್ಟಿಯ ಮೇಲೆ ಒತ್ತಿದ ಅಂಕೆಗಳನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ತುಕ್ಕು ತಡೆಯುವ ಕಪ್ಪು ಬಣ್ಣ ಹೊಡೆಸುವಾಗ ಕೆಲಸದವರು ಈ ಅಂಕೆಗಳನ್ನೂ ಮುಚ್ಚಿಬಿಟ್ಟಿರುತ್ತಾರೆ, ಅಥವಾ ನೀರಿನ ಟ್ಯಾಂಕು ಅದರ ಮೇಲೆಯೇ ಕೂತಿರುತ್ತದೆ. ಕಸ್ಟಮ್ಸ್‌ನವರು ಬಗ್ಗಿ ನೋಡಿದಾಗ ಅಂಕೆ ಕಾಣಲೇಬೇಕು. ಅಚ್ಚಿನ ಅಂಕೆ, ಆರ್‌ಸಿಯ ಅಂಕೆ, ಎಂಜಿನ್ ಬ್ಲಾಕ್ ಮೇಲಿನ ಅಂಕೆಗಳನ್ನು ಒಂದೊಂದಾಗಿ ತಾಳೆ ಹಾಕಿ.

ಹಂತ 3: ಕಾರ್ನೆಟ್

ಕಾರ್ನೆಟ್ ದೆ ಪಸಾಜ್ ಎಂಬುದು ಗಾಡಿಯ ಪಾಸ್‌ಪೋರ್ಟ್. ಈ ಗಾಡಿಯನ್ನು ತಾತ್ಕಾಲಿಕವಾಗಿ ಒಳತರುತ್ತೇವೆ, ಮಾರದೆ ಹೊರಗೆ ಒಯ್ಯುತ್ತೇವೆ, ಒಯ್ಯದಿದ್ದರೆ ಸುಂಕ ಕಟ್ಟುತ್ತೇವೆ ಎಂದು ವಾಹನ ಸಂಘವೊಂದು ನಿಮ್ಮ ಪರವಾಗಿ ಕೊಡುವ ಖಾತರಿ ಅದು. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಭಾರತದಲ್ಲಿ ಇದನ್ನು ಕೊಡುತ್ತದೆ. ಸಂಘ ತನ್ನ ರಕ್ಷಣೆಗೆ ನಿಮ್ಮಿಂದ ಬ್ಯಾಂಕ್ ಗ್ಯಾರಂಟಿ ಅಥವಾ ಠೇವಣಿ ಕೇಳುತ್ತದೆ. ಮೊತ್ತ ಗಾಡಿಯ ಬೆಲೆ ಮತ್ತು ನೀವು ಹೋಗುವ ದೇಶಗಳನ್ನು ಅವಲಂಬಿಸಿರುತ್ತದೆ. ಈಜಿಪ್ಟ್‌ನಂತಹ ದೇಶ ಪಟ್ಟಿಯಲ್ಲಿದ್ದರೆ ಮೊತ್ತ ಬಹಳ ಏರುತ್ತದೆ. ಖಂಡಿತ ಹೋಗದ ದೇಶವನ್ನು ಆಸೆಗೆ ಸೇರಿಸಬೇಡಿ.

ಪುಸ್ತಕ 5, 10 ಅಥವಾ 25 ಹಾಳೆಗಳಲ್ಲಿ ಸಿಗುತ್ತದೆ. ಒಂದು ದೇಶಕ್ಕೆ ಒಮ್ಮೆ ಹೋಗಿ ಬರಲು ಒಂದು ಹಾಳೆ ಖರ್ಚಾಗುತ್ತದೆ. ಕೀನ್ಯಾದಿಂದ ತಾಂಜಾನಿಯಾಕ್ಕೆ ಹೋಗಿ ಮತ್ತೆ ಕೀನ್ಯಾಕ್ಕೆ ಬಂದರೆ ಮೂರು ಹಾಳೆ ಬೇಕು. ಅವಧಿ ಒಂದು ವರ್ಷ.

ಅರ್ಜಿಯಲ್ಲಿ ಗಾಡಿಯ ತೂಕ, ಬೆಲೆ, ಬಣ್ಣ, ಸೀಟಿನ ಹೊದಿಕೆ, ಸೀಟುಗಳ ಸಂಖ್ಯೆ, ರೇಡಿಯೊ, ಬಿಡಿ ಟೈರುಗಳು, ಇತರ ಉಪಕರಣ ಎಲ್ಲಕ್ಕೂ ಜಾಗವಿದೆ. ಇವನ್ನು ಔಪಚಾರಿಕವೆಂದು ಖಾಲಿ ಬಿಡಬೇಡಿ. ಫ್ರಿಜ್, ಎಸಿ, ಸೌರಫಲಕ, ಬ್ಯಾಟರಿ, ಸೈಕಲ್, ಜನರೇಟರ್ ಇದ್ದರೆ ಬರೆಸಿ. ಕಾರ್ನೆಟ್‌ನಲ್ಲಿ ಇರುವುದು ಗಾಡಿಯ ಭಾಗ. ಇಲ್ಲದ್ದನ್ನು ಸುಂಕ ಕಟ್ಟಬೇಕಾದ ಸರಕು ಎಂದು ಯಾರಾದರೂ ಎತ್ತಿ ತೋರಿಸಬಹುದು. ಕಾರ್ನೆಟ್ ಮಾಡಿಸಿದ ಮೇಲೆ ಗಾಡಿಗೆ ಬೇರೆ ಬಣ್ಣ ಹೊಡೆಸುವ ಆಸೆ ಬಂದರೆ ಪ್ರವಾಸ ಮುಗಿಯುವವರೆಗೆ ತಡೆದುಕೊಳ್ಳಿ.

ಕಾರ್ನೆಟ್ ಯಾರ ಹೆಸರಿನಲ್ಲಿದೆಯೋ ಅವರ ಬದಲು ಪತ್ನಿಯೋ ತಮ್ಮನೋ ಗಡಿ ದಾಟಿಸುವ ಸಂಭವವಿದ್ದರೆ ಅಧಿಕಾರ ಪತ್ರವನ್ನು ಈಗಲೇ ಮಾಡಿಸಿ.

ಹಂತ 4: ಹಡಗಿನ ವಿಧಾನ ಮತ್ತು ದರ

ಕಾರ್ನೆಟ್ ಕೈಗೆ ಬಂತೆಂದರೆ, ಅಥವಾ ಬರುವ ದಿನ ಖಚಿತವಾಯಿತೆಂದರೆ, ಈಗ ಹಡಗು ಹುಡುಕಿ.

ಮುಚ್ಚಿದ ಕಂಟೇನರ್ ಅತ್ಯಂತ ಸುರಕ್ಷಿತ. ಬೀಗ ಹಾಕಿ ಸೀಲ್ ಒತ್ತಿದರೆ ಒಳಗೆ ಯಾರೂ ಕೈ ಹಾಕುವುದಿಲ್ಲ. ಆದರೆ ಎತ್ತರದ 40 ಅಡಿ ಕಂಟೇನರಿನ ಬಾಗಿಲು ಕೂಡ ಸುಮಾರು 2.58 ಮೀಟರ್ ಎತ್ತರ, 2.34 ಮೀಟರ್ ಅಗಲ ಮಾತ್ರ. ಲಾರಿ ಚಾಸಿಯ ಮನೆಗಾಡಿಗಳು ಬಹುಪಾಲು ಇದರಲ್ಲಿ ಹಿಡಿಸುವುದಿಲ್ಲ. ಟೈರಿನ ಗಾಳಿ ಇಳಿಸಿ ನುಗ್ಗಿಸುವ ಉಪಾಯಗಳನ್ನು ಕೆಲವರು ಹೇಳುತ್ತಾರೆ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ಅದು ಸರಿ, ಅದಕ್ಕಿಂತ ಹೆಚ್ಚಿಗೆ ಬೇಡ.

ಫ್ಲಾಟ್ ರ್‍ಯಾಕ್ ಎಂದರೆ ಪಕ್ಕದ ಗೋಡೆ, ಚಾವಣಿ ಇಲ್ಲದ ಕಂಟೇನರ್. ಗಾಡಿಯನ್ನು ಅದರ ಮೇಲೆ ಬಿಗಿದು ಕ್ರೇನಿನಿಂದ ಎತ್ತುತ್ತಾರೆ. ಉಪ್ಪುನೀರು, ಗಾಳಿ, ಬಿಸಿಲಿಗೆ ಗಾಡಿ ತೆರೆದುಕೊಂಡಿರುತ್ತದೆ. ಬಿಗಿಯುವ ಕೂಲಿ, ಕ್ರೇನು, ಅಳತೆ ಮೀರಿದ ಸರಕಿನ ಹೆಚ್ಚುವರಿ ದರ ಎಲ್ಲ ಸೇರಿ ದುಬಾರಿ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದನ್ನು ಆರಿಸಿ.

ಉಳಿದದ್ದು ರೋ-ರೋ: ಗಾಡಿಯನ್ನು ಓಡಿಸಿಕೊಂಡೇ ಹಡಗಿನ ಹೊಟ್ಟೆಗೆ ಒಯ್ಯುತ್ತಾರೆ. ಕಾರು, ಲಾರಿ, ಬಸ್ಸುಗಳು ನಮ್ಮ ಬಂದರುಗಳಿಂದ ಆಫ್ರಿಕಾಕ್ಕೆ ಹೋಗುವುದು ಹೀಗೆಯೇ. ಲಾರಿ ಗಾತ್ರದ ಮನೆಗಾಡಿಗೆ ಇದೇ ಸರಿ. ಇದರ ದೊಡ್ಡ ಕೊರತೆ ಎಂದರೆ ಕೀಲಿಯನ್ನು ಒಪ್ಪಿಸಬೇಕು, ಅನೇಕ ಕೈಗಳು ಗಾಡಿಯನ್ನು ಓಡಿಸುತ್ತವೆ. ಹಂತ 6ರ ಬಹುಭಾಗ ಈ ಕೊರತೆಯನ್ನು ನೀಗುವುದಕ್ಕಾಗಿಯೇ ಇದೆ.

ದರ ಕೇಳುವಾಗ ಒಟ್ಟು ಮೊತ್ತ ಕೇಳಿ ಸುಮ್ಮನಾಗಬೇಡಿ. ಸಾಗರ ಬಾಡಿಗೆ, ಇಂಧನದ ಹೆಚ್ಚುವರಿ, ಇಲ್ಲಿನ ಬಂದರು ಶುಲ್ಕ, ಅಲ್ಲಿನ ಬಂದರು ಶುಲ್ಕ, ದಾಖಲೆ ಶುಲ್ಕ, ಎರಡೂ ಕಡೆಯ ಏಜೆಂಟರ ಕೂಲಿ: ಪ್ರತಿಯೊಂದನ್ನೂ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಹಡಗು ನೇರ ಹೋಗುತ್ತದೆಯೇ, ನಡುವೆ ಬೇರೆ ಹಡಗಿಗೆ ಬದಲಾಗುತ್ತದೆಯೇ ಕೇಳಿ. ಬದಲಾವಣೆ ಎಂದರೆ ಮತ್ತೆರಡು ಬಾರಿ ಅಪರಿಚಿತರ ಕೈಗೆ ಕೀಲಿ. ಬಳಸಿದ, ಸ್ವಂತ ಉಪಯೋಗದ ಗಾಡಿಯನ್ನು ಒಯ್ಯುತ್ತಾರೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಕೆಲವು ಕಂಪನಿಗಳು ಕಾರ್ಖಾನೆಯಿಂದ ಬಂದ ಹೊಸ ವಾಹನಗಳನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ.

ಎಚ್ಚರಿಕೆಯ ಗುರುತುಗಳು: ಹಡಗಿನ ಹೆಸರು ಹೇಳದ ಏಜೆಂಟ್, "ಕಾರ್ನೆಟ್ ಎಂದರೇನು" ಎಂದು ನಿಮ್ಮನ್ನೇ ಕೇಳುವ ಏಜೆಂಟ್, ಅಲ್ಲಿನ ಖರ್ಚು "ಹೋದ ಮೇಲೆ ನೋಡಿಕೊಳ್ಳೋಣ" ಎನ್ನುವ ಏಜೆಂಟ್. ಮೂವರನ್ನೂ ಬಿಟ್ಟುಬಿಡಿ.

ಹಂತ 5: ವಿಮೆ

ನಿಮ್ಮ ಈಗಿನ ವಾಹನ ವಿಮೆ ಸಮುದ್ರಕ್ಕೂ ಆಗುವುದಿಲ್ಲ, ಕೀನ್ಯಾಕ್ಕೂ ಆಗುವುದಿಲ್ಲ. ಭಾರತೀಯ ಪಾಲಿಸಿಯನ್ನು ಹೆಚ್ಚುವರಿ ಹಣ ಕಟ್ಟಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂತಹ ನೆರೆ ದೇಶಗಳಿಗೆ ವಿಸ್ತರಿಸಬಹುದು ಅಷ್ಟೆ.

ಸಾಗರ ಪ್ರಯಾಣಕ್ಕೆ ಸರಕು ವಿಮೆ ಬೇರೆಯೇ ಬೇಕು. ಹಾನಿ, ಕಳವು ಸೇರಿದ ವಿಸ್ತಾರವಾದ ರಕ್ಷಣೆ ಸಿಕ್ಕರೆ ಒಳ್ಳೆಯದು. ಬಳಸಿದ ಗಾಡಿಗೆ ಹಲವು ಕಂಪನಿಗಳು ಗಾಡಿ ಪೂರ್ತಿ ನಾಶವಾದರೆ ಮಾತ್ರ ಹಣ ಎನ್ನುತ್ತವೆ. ಯಾವುದೇ ಇರಲಿ, ಅದರಲ್ಲಿ 'ಜನರಲ್ ಆವರೇಜ್' ಸೇರಿರಲೇಬೇಕು. ಹಡಗನ್ನು ಅಪಾಯದಿಂದ ಪಾರು ಮಾಡಲು ಆದ ವಿಶೇಷ ಖರ್ಚನ್ನು ಅದರಲ್ಲಿದ್ದ ಎಲ್ಲ ಸರಕಿನ ಮಾಲೀಕರೂ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ನಿಯಮ ಅದು. 2021ರಲ್ಲಿ ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ವಿಷಯದಲ್ಲಿ ಹೀಗೆಯೇ ಘೋಷಣೆಯಾಯಿತು. ನಿಮ್ಮ ಗಾಡಿಗೆ ಒಂದು ಗೀರೂ ಬೀಳದಿದ್ದರೂ ನಿಮ್ಮ ಪಾಲಿನ ಭದ್ರತೆ ಕೊಡದೆ ಗಾಡಿ ಬಿಡುವುದಿಲ್ಲ. ವಾಹನ ಹೊತ್ತ ಹಡಗುಗಳಿಗೆ ಬೆಂಕಿಯ ಭಯವೂ ಸುಳ್ಳಲ್ಲ. ಸುಮಾರು 4,000 ಕಾರುಗಳಿದ್ದ ಫೆಲಿಸಿಟಿ ಏಸ್ 2022ರಲ್ಲಿ ಹೊತ್ತಿ ಉರಿದು ಅಜೋರ್ಸ್ ದ್ವೀಪಗಳ ಬಳಿ ಮುಳುಗಿತು.

ಕೀನ್ಯಾದ ರಸ್ತೆಗೆ ಇಳಿಯಲು ಅಲ್ಲಿನ ಥರ್ಡ್ ಪಾರ್ಟಿ ವಿಮೆ ಕೊಂಡು, ಜೊತೆಗೆ ಆಫ್ರಿಕಾದ ಹಲವು ದೇಶಗಳಲ್ಲಿ ನಡೆಯುವ ವಾಹನ ವಿಮೆಯ ಕೊಮೆಸಾ ಯೆಲ್ಲೋ ಕಾರ್ಡ್ ತೆಗೆದುಕೊಳ್ಳಿ. ಉಗಾಂಡಾ, ತಾಂಜಾನಿಯಾ, ಜಾಂಬಿಯಾ, ಮಲಾವಿ ಮೊದಲಾದ ದೇಶಗಳಲ್ಲಿ ಅದೇ ಕಾರ್ಡ್ ನಡೆಯುತ್ತದೆ.

ಹಂತ 6: ಗಾಡಿಯನ್ನು ಸಿದ್ಧಪಡಿಸುವುದು

ಬೇಕಾಗುವ ಸಾಮಾನು: 12 ಮಿಲಿಮೀಟರ್ ಪ್ಲೈವುಡ್, ಬೋಲ್ಟು ಮತ್ತು ವಾಷರ್, ಡ್ರಿಲ್, ಒಳ್ಳೆಯ ಬೀಗಗಳು, ಪ್ರೆಷರ್ ವಾಷರ್, ವೈರ್ ಬ್ರಷ್, ಬ್ಯಾಟರಿ ಕಡಿತದ ಸ್ವಿಚ್, ಬಟ್ಟೆ ಟೇಪು, ಲ್ಯಾಮಿನೇಟ್ ಮಾಡಿಸಿದ ಸೂಚನಾ ಹಾಳೆ.

ಮೊದಲ ಕೆಲಸ, ಮುಂದಿನ ಕ್ಯಾಬಿನ್ನಿನಿಂದ ಹಿಂದಿನ ಮನೆಗೆ ಹೋಗುವ ದಾರಿಯನ್ನು ಮುಚ್ಚುವುದು. ರೋ-ರೋ ಹಡಗಿನಲ್ಲಿ ಕಳವಾಗುವುದು ಈ ಕಿಂಡಿಯಿಂದಲೇ. ಪರದೆಯೋ ತೆಳು ಬಾಗಿಲೋ ಸಾಲದು. ಕಿಂಡಿಗಿಂತ ನಾಲ್ಕು ಬೆರಳು ದೊಡ್ಡದಾಗಿ ಪ್ಲೈವುಡ್ ಕತ್ತರಿಸಿ, ಮನೆಯ ಕಡೆಯಿಂದ ಇಟ್ಟು, ನಟ್ಟುಗಳೆಲ್ಲ ಮನೆಯೊಳಗೇ ಉಳಿಯುವಂತೆ ಬೋಲ್ಟ್ ಹಾಕಿ. ಕ್ಯಾಬಿನ್ ಕಡೆ ನುಣುಪಾದ ಬೋಲ್ಟ್ ತಲೆ ಮಾತ್ರ ಕಾಣಬೇಕು, ಪಾನಾ ಹಿಡಿಯಲು ಏನೂ ಸಿಗಬಾರದು. ಆಮೇಲೆ ಮನೆಯ ಬಾಗಿಲಿನಿಂದ ಹೊರಬಂದು ಬೀಗ ಜಡಿಯಿರಿ. ಆ ಕೀಲಿ ನಿಮ್ಮ ಜೇಬಿನಲ್ಲಿರಲಿ. ಹಡಗಿನವರಿಗೆ ಎಂಜಿನ್ ಕೀಲಿ ಮತ್ತು ಕ್ಯಾಬಿನ್ ಕೀಲಿ ಇಷ್ಟೇ ಕೊಡಬೇಕು. ಮನೆಯ ಕೀಲಿಯನ್ನೂ ಕೇಳಿದರೆ ಕಸ್ಟಮ್ಸ್ ತಪಾಸಣೆಯ ಹೊತ್ತಿಗೆ ನೀವೋ ನಿಮ್ಮ ಏಜೆಂಟೋ ತೆರೆದು ತೋರಿಸುವ ವ್ಯವಸ್ಥೆ ಮಾಡಿಕೊಳ್ಳಿ. ಕ್ಯಾಬಿನ್ನಿನಲ್ಲಿ ಒಂದು ಚಾರ್ಜರ್ ಕೂಡ ಬಿಡಬೇಡಿ. ಸ್ಟಿರಿಯೊ ಬಿಚ್ಚಲು ಬರುವುದಾದರೆ ಬಿಚ್ಚಿ ಹಿಂದೆ ಇಡಿ.

ಎರಡನೆಯದು ಸೂಚನಾ ಹಾಳೆ. ಹಡಗಿನ ಚಾಲಕರು ದಿನಕ್ಕೆ ನೂರಾರು ಗಾಡಿ ಓಡಿಸುತ್ತಾರೆ. ನಿಮ್ಮ ಲಾರಿಯ ಏರ್ ಬ್ರೇಕಿನ ಗುಣ ಅವರಿಗೆ ತಿಳಿಯದು. ವಾರಗಟ್ಟಲೆ ನಿಂತಾಗ ಗಾಳಿ ಸೋರಿ ಹ್ಯಾಂಡ್ ಬ್ರೇಕ್ ಬಿಗಿದುಕೊಂಡಿರುತ್ತದೆ. ಒತ್ತಡ ಏರುವ ಮುಂಚೆ ಗೇರ್ ಹಾಕಿ ಎಳೆದರೆ ಟೈರು, ಕ್ಲಚ್ ಎರಡೂ ಹೋಗುತ್ತವೆ. ಬ್ಯಾಟರಿ ಸ್ವಿಚ್ ಎಲ್ಲಿದೆ, ಎಂಜಿನ್ ಹೇಗೆ ಶುರುವಾಗುತ್ತದೆ, ಗಾಳಿಯ ಮುಳ್ಳು ಎಷ್ಟಕ್ಕೆ ಬರುವವರೆಗೆ ಕಾಯಬೇಕು, ಗಾಡಿಯ ಎತ್ತರ ಎಷ್ಟು, ಬಿಗಿಯುವ ಕೊಂಡಿಗಳು ಎಲ್ಲಿವೆ: ಇವನ್ನು ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ಚಿತ್ರ ಸಹಿತ ಮುದ್ರಿಸಿ ಸ್ಟಿಯರಿಂಗಿಗೆ ಕಟ್ಟಿ. ಕಳ್ಳತನದ ಎಚ್ಚರಿಕೆ ಕೊಡುವ ಅಲಾರಂ ಇದ್ದರೆ ಬಂದ್ ಮಾಡಿ.

ಗ್ಯಾಸ್ ಸಿಲಿಂಡರನ್ನು ಮನೆಯಲ್ಲೇ ಬಿಟ್ಟುಬಿಡಿ. ತುಂಬಿದ್ದನ್ನು ಹಡಗಿಗೆ ಬಿಡುವುದಿಲ್ಲ, ನಮ್ಮ ಸಿಲಿಂಡರನ್ನು ಅಲ್ಲಿ ಬದಲಾಯಿಸಿಕೊಡುವವರೂ ಇಲ್ಲ. ಕೀನ್ಯಾದಲ್ಲಿ 6 ಮತ್ತು 13 ಕಿಲೋದ ಸಿಲಿಂಡರುಗಳು ಬಳಕೆಯಲ್ಲಿವೆ. ಅಲ್ಲೇ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಕೊಂಡು ನಿಮ್ಮ ಪೈಪಿಗೆ ಜೋಡಿಸಿ. ಲಿಥಿಯಂ ಬ್ಯಾಟರಿ ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ. ಮುಚ್ಚಿಟ್ಟು ಕಳುಹಿಸುವುದು ಹಡಗಿನಲ್ಲಿರುವ ಜನರ ಜೀವದ ಜೊತೆ ಆಡುವ ಆಟ.

ನೀರಿನ ಟ್ಯಾಂಕು ಖಾಲಿ ಮಾಡಿ. ಫ್ರಿಜ್ ಒರೆಸಿ, ಬಾಗಿಲಿಗೆ ಮರದ ತುಂಡು ಕೊಟ್ಟು ಅರೆತೆರೆದಿಡಿ. ಡೀಸೆಲ್ ಕಾಲು ಟ್ಯಾಂಕಿಗಿಂತ ಹೆಚ್ಚಿರಬಾರದು. ಕಪಾಟುಗಳ ಬಾಗಿಲಿಗೆ ಟೇಪು ಹಚ್ಚಿ.

ಆಹಾರ ಒಂದು ಚಿಟಿಕೆಯೂ ಬೇಡ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿ, ಹುರಿದ ರವೆಯನ್ನು ಗಾಡಿಯಲ್ಲಿಟ್ಟರೆ ಇಲಿ, ಜಿರಲೆಗೆ ಆಹ್ವಾನ, ತಪಾಸಣೆಯಲ್ಲೂ ತಕರಾರು. ಹಾಗೆಯೇ ಪ್ಲಾಸ್ಟಿಕ್ ಕೈಚೀಲಗಳನ್ನು ಹುಡುಕಿ ತೆಗೆಯಿರಿ. ಕೀನ್ಯಾ 2017ರಿಂದ, ತಾಂಜಾನಿಯಾ 2019ರಿಂದ ಅವನ್ನು ನಿಷೇಧಿಸಿವೆ. ನಮ್ಮ ಗಾಡಿಗಳಲ್ಲಿ ಪ್ರತಿ ಡಬ್ಬಿಯ ಕೆಳಗೂ ಒಂದು ಚೀಲ ಮಡಚಿಟ್ಟಿರುತ್ತದೆ.

ಕೊನೆಗೆ ಕೆಳಭಾಗ ತೊಳೆಯುವುದು. ಚಕ್ರದ ಗೂಡು, ಚಾಸಿಯ ಒಳಮೂಲೆ, ರೇಡಿಯೇಟರಿನ ಮುಂದೆ ಅಂಟಿದ ಮಣ್ಣು, ಹುಲ್ಲಿನ ಬೀಜ, ಸತ್ತ ಹುಳು ಎಲ್ಲ ಹೋಗಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಕಳುಹಿಸುವವರಾದರೆ ಈ ಒಂದೇ ವಿಷಯಕ್ಕೆ ಗಾಡಿ ವಾಪಸಾಗಬಹುದು.

ಬಿಎಸ್6 ಎಂಜಿನ್ ಇರುವವರಿಗೆ ಒಂದು ಮಾತು. ಆ ಎಂಜಿನ್‌ಗಳನ್ನು ಗಂಧಕ 10 ಪಿಪಿಎಂ ಮೀರದ ಡೀಸೆಲ್‌ಗೆ ಮಾಡಿದ್ದಾರೆ. ದೂರದ ಗಡಿ ಊರುಗಳ ಪಂಪುಗಳಲ್ಲಿ ಆ ಗುಣಮಟ್ಟವನ್ನು ನೆಚ್ಚಬೇಡಿ. ಇಂಧನ ಫಿಲ್ಟರುಗಳನ್ನು ಹೆಚ್ಚಿಗೆ ಒಯ್ಯಿರಿ, ದೊಡ್ಡ ನಗರಗಳಲ್ಲೇ ಟ್ಯಾಂಕ್ ತುಂಬಿಸಿ.

ಹಂತ 7: ಬಂದರಿಗೆ ಒಪ್ಪಿಸುವುದು

ಗಾಡಿಯನ್ನು ಒಳಬಿಡುವ ಕೊನೆಯ ದಿನವನ್ನು ಏಜೆಂಟ್ ತಿಳಿಸುತ್ತಾರೆ. ಅದಕ್ಕೆ ಎರಡು ದಿನ ಮೊದಲೇ ಊರು ಸೇರಿ. ಒಪ್ಪಿಸುವ ಮುನ್ನ ನಾಲ್ಕೂ ಬದಿ, ಚಾವಣಿ, ಗಾಜು, ಟೈರು, ಮೀಟರ್, ಒಳಗಿನ ಪ್ರತಿ ಕಪಾಟಿನ ಫೋಟೊ ತೆಗೆಯಿರಿ. ಒಪ್ಪಿಸಿದ ರಸೀದಿಯಲ್ಲಿ ಹಳೆಯ ಗೀರುಗಳನ್ನು ಬರೆಸಿ, ಇಲ್ಲದ ಹಾನಿಯನ್ನು ಬರೆಯಲು ಬಿಡಬೇಡಿ.

ಕಾರ್ನೆಟ್‌ಗೆ ಕಸ್ಟಮ್ಸ್ ಮೊಹರು ಬಿದ್ದಿದೆಯೇ ಕಣ್ಣಾರೆ ನೋಡಿ. ಗಾಡಿ ಭಾರತ ಬಿಟ್ಟ ದಾಖಲೆ ಇಲ್ಲದಿದ್ದರೆ ಮರಳಿ ತರುವಾಗ ಅದು ಹೊಸ ಆಮದು ಎನಿಸಿಕೊಳ್ಳುವ ಅಪಾಯವಿದೆ.

ಬಿಲ್ ಆಫ್ ಲೇಡಿಂಗ್ ಕರಡು ಬಂದಾಗ ಅರ್ಧ ಗಂಟೆ ಕೂತು ಓದಿ. ಕಳುಹಿಸುವವರು, ಪಡೆಯುವವರು ಇಬ್ಬರೂ ಕಾರ್ನೆಟ್‌ನಲ್ಲಿರುವ ವ್ಯಕ್ತಿಯೇ ಆಗಿರಬೇಕು, ಹೆಸರು ಅಕ್ಷರ ತಪ್ಪದೆ ಅದೇ ಆಗಿರಬೇಕು. ಏಜೆಂಟರು ವಾಡಿಕೆಯಂತೆ ತಮ್ಮ ಕಂಪನಿಯ ಹೆಸರು ಹಾಕಿಬಿಡುತ್ತಾರೆ, ತೆಗೆಸಿ. ಸರಕಿನ ವಿವರದಲ್ಲಿ ಬಳಸಿದ ಮೋಟರ್‌ಹೋಮ್, ಕಾರ್ನೆಟ್ ಅಡಿಯಲ್ಲಿ ತಾತ್ಕಾಲಿಕ ಪ್ರವೇಶ, ಕಾರ್ನೆಟ್ ಸಂಖ್ಯೆ ಇಷ್ಟೂ ಇರಲಿ. ಕೀನ್ಯಾದಲ್ಲಿ ಎಂಟು ವರ್ಷ ಮೀರಿದ ಹಳೆಯ ವಾಹನಗಳ ಆಮದಿಗೆ ನಿರ್ಬಂಧವಿದೆ. ನಿಮ್ಮ ಬಿಲ್ ಶಾಶ್ವತ ಆಮದಿನಂತೆ ಕಂಡರೆ ಆ ನಿಯಮ ತಲೆಯ ಮೇಲೆ ಬಂದು ಕೂರುತ್ತದೆ. ಹಡಗು ಹೊರಟ ಮೇಲೆ ತಿದ್ದುಪಡಿಗೆ ದುಡ್ಡೂ ದಿನವೂ ಬೇಕು.

ಮೂಲ ಪ್ರತಿಯೇ ಬೇಕೇ, ಮೂಲ ಇಲ್ಲದೆ ಬಿಡುಗಡೆ ಮಾಡುವ ವ್ಯವಸ್ಥೆ ಇದೆಯೇ ಈಗಲೇ ಕೇಳಿ. ಮೂಲ ಪ್ರತಿ ಬೇಕಾದರೆ ಅದನ್ನೂ ಕಾರ್ನೆಟ್‌ ಅನ್ನೂ ಕೈಚೀಲದಲ್ಲೇ ಒಯ್ಯಿರಿ. ಕಾರ್ನೆಟ್ ಮರೆತು ಗಾಡಿಯೊಳಗೆ ಇಟ್ಟು ಬೀಗ ಹಾಕಿದವರೂ ಇದ್ದಾರೆ.

ಹಂತ 8: ಕುಟುಂಬದ ಕಾಗದಗಳು

ವಿಮಾನದ ಟಿಕೆಟ್ ಈಗ, ಹಡಗು ನಿಜವಾಗಿ ಹೊರಟ ಸುದ್ದಿ ಬಂದ ಮೇಲೆ. ಹಡಗಿನ ಹೆಸರು ಹಾಕಿ ಅದರ ಜಾಡನ್ನು ಮೊಬೈಲಿನಲ್ಲೇ ನೋಡಬಹುದು.

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ಮಗುವಿಗೂ ಬೇರೆ ಅರ್ಜಿ ಹಾಕಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮುಂಚೆಯೇ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿ. ಆ ಪ್ರಮಾಣಪತ್ರ ಇಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳಿದರೆ ಪ್ರತ್ಯೇಕವಾಸಕ್ಕೆ ಹಾಕುತ್ತಾರೆ. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ಈ ಲಸಿಕೆ ಇಲ್ಲ. ಮಲೇರಿಯಾ ಮಾತ್ರೆಯ ವಿಷಯವನ್ನು ಮಕ್ಕಳ ವೈದ್ಯರ ಬಳಿ ಮಾತನಾಡಿ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಒ ಕೊಡುತ್ತದೆ, ಅವಧಿ ಒಂದು ವರ್ಷ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋವರೆಗಿನ ಗಾಡಿ ಓಡಿಸಬಹುದು. ಆದರೆ ಅಂತರರಾಷ್ಟ್ರೀಯ ಪರವಾನಗಿಯ 'ಬಿ' ವರ್ಗ ಸರಕು ವಾಹನಗಳಿಗೆ 3,500 ಕಿಲೋಕ್ಕೆ ನಿಲ್ಲುತ್ತದೆ. ಅದಕ್ಕಿಂತ ಭಾರದ ಗಾಡಿಯಾದರೆ ಭಾರಿ ವಾಹನದ ಲೈಸೆನ್ಸ್ ಮಾಡಿಸಿಕೊಂಡು 'ಸಿ' ವರ್ಗದ ಮೊಹರು ಹಾಕಿಸಿ. ಸಾಧ್ಯವಾದರೆ ದಂಪತಿಗಳಿಬ್ಬರೂ ಮಾಡಿಸಿ. ಒಬ್ಬರಿಗೆ ಜ್ವರ ಬಂದರೆ ಗಾಡಿ ಕಾಡಿನ ನಡುವೆ ನಿಲ್ಲಬಾರದು.

ಗಾಡಿಯ ಹಿಂದೆ ಭಾರತದ ಗುರುತಾದ 'ಐಎನ್‌ಡಿ' ಅಂಡಾಕಾರದ ಚೀಟಿ ಅಂಟಿಸಿ.

ಹಂತ 9: ಮೊಂಬಾಸಾದಲ್ಲಿ ಬಿಡಿಸಿಕೊಳ್ಳುವುದು

ಹಡಗು ಮುಟ್ಟುವ ಮುಂಚೆಯೇ ಅಲ್ಲಿನ ಕ್ಲಿಯರಿಂಗ್ ಏಜೆಂಟರನ್ನು ಗೊತ್ತು ಮಾಡಿ, ಕಾರ್ನೆಟ್, ಪಾಸ್‌ಪೋರ್ಟ್, ಬಿಲ್ ಪ್ರತಿಗಳನ್ನು ಕಳುಹಿಸಿ. ಕ್ರಮ ಹೀಗಿರುತ್ತದೆ: ಹಡಗು ಕಂಪನಿಗೆ ಸ್ಥಳೀಯ ಶುಲ್ಕ ಕಟ್ಟಿ, ಗಾಡಿ ಬಿಡಬಹುದೆಂಬ ಡೆಲಿವರಿ ಆರ್ಡರ್ ಪಡೆಯುವುದು; ಕಸ್ಟಮ್ಸ್‌ನಲ್ಲಿ ಕಾರ್ನೆಟ್ ತೋರಿಸಿ ಮೊಹರು ಹಾಕಿಸುವುದು; ಚಾಸಿ ಅಂಕೆ ತಾಳೆ ನೋಡುವುದು; ಬಂದರು ಶುಲ್ಕ ಕಟ್ಟಿ ಹೊರಡುವ ಚೀಟಿ ಪಡೆಯುವುದು. ಬಂದರಿನಲ್ಲಿ ಗಾಡಿ ನಿಲ್ಲಿಸಲು ಬಾಡಿಗೆ ಇಲ್ಲದ ದಿನಗಳು ಎಷ್ಟು, ಅವು ಹಡಗು ಮುಟ್ಟಿದ ದಿನದಿಂದಲೋ ಗಾಡಿ ಇಳಿಸಿದ ದಿನದಿಂದಲೋ ಎಂಬುದನ್ನು ಲಿಖಿತವಾಗಿ ಕೇಳಿ. ಶುಕ್ರವಾರ ಸಂಜೆಗೆ ಮುಂಚೆ ಮುಗಿಯದ ಕೆಲಸ ಸೋಮವಾರಕ್ಕೆ ಬೀಳುತ್ತದೆ, ಬಾಡಿಗೆಯ ಮೀಟರ್ ಮಾತ್ರ ನಿಲ್ಲುವುದಿಲ್ಲ.

ಗಾಡಿ ಕೈಗೆ ಸಿಕ್ಕ ಕೂಡಲೇ ಹೊರಡಬೇಡಿ. ಬಂದರಿನ ಒಳಗೇ ಹಳೆಯ ಫೋಟೊಗಳನ್ನು ಹಿಡಿದು ಸುತ್ತ ನೋಡಿ. ಹಾನಿ ಇದ್ದರೆ ಸಹಿ ಹಾಕುವ ಮೊದಲು ಬರೆಸಿ. ಗೇಟು ದಾಟಿದ ಮೇಲೆ ವಿಮೆಯವರು ಒಪ್ಪುವುದು ಕಷ್ಟ. ಏರ್ ಟ್ಯಾಂಕಿನ ನೀರು ಬಿಡಿ, ಟೈರಿನ ಗಾಳಿ ನೋಡಿ, ಚಕ್ರದ ನಟ್ಟು ಬಿಗಿಯಿರಿ. ನೈರೋಬಿ ರಸ್ತೆ ಭಾರಿ ಲಾರಿಗಳಿಂದ ತುಂಬಿರುತ್ತದೆ, ಕತ್ತಲಾದ ಮೇಲೆ ಓಡಿಸಬೇಡಿ. ಮಕ್ಕಳೊಂದಿಗೆ ಮೊದಲ ಎರಡು ಮೂರು ರಾತ್ರಿ ಕರಾವಳಿಯಲ್ಲೇ ತಂಗಿ, ಗಾಡಿಯ ಸಣ್ಣಪುಟ್ಟ ಕೆಲಸ ಮುಗಿಸಿಕೊಳ್ಳಿ.

ಹಂತ 10: ಗಡಿ ಗಡಿಯಲ್ಲೂ ಮೊಹರು

ಕಾರ್ನೆಟ್‌ನ ಪ್ರತಿ ಹಾಳೆಗೆ ಮೂರು ಭಾಗ. ಒಳಹೋಗುವಾಗ ಕೆಳಗಿನ ಭಾಗ ಹರಿದುಕೊಳ್ಳುತ್ತಾರೆ, ಹೊರಬರುವಾಗ ನಡುವಿನ ಭಾಗ. ಮೇಲಿನ ಭಾಗ ಪುಸ್ತಕದಲ್ಲೇ ಉಳಿಯುತ್ತದೆ, ಅದರ ಮೇಲೆ ಎರಡು ಮೊಹರು ಬಿದ್ದಿರಬೇಕು. ಒಂದೇ ಇದ್ದರೆ ಗಾಡಿ ಆ ದೇಶದಲ್ಲೇ ಉಳಿದಿದೆ ಎಂದರ್ಥ.

ಅತಿ ಹೆಚ್ಚು ಜನ ಎಡವುವುದು ಕೀನ್ಯಾ-ತಾಂಜಾನಿಯಾ ನಡುವಿನ ನಮಂಗಾದಂತಹ ಒಂದೇ ನಿಲುಗಡೆಯ ಗಡಿಗಳಲ್ಲಿ. ಅಲ್ಲಿ ಬಿಟ್ಟು ಹೋಗುವ ದೇಶದ ಮತ್ತು ಪ್ರವೇಶಿಸುವ ದೇಶದ ಕೌಂಟರುಗಳು ಒಂದೇ ಕಟ್ಟಡದಲ್ಲಿ, ಪ್ರವೇಶಿಸುವ ದೇಶದ ಕಡೆ ಇರುತ್ತವೆ. ಪಾಸ್‌ಪೋರ್ಟಿಗೆ ಎರಡು ಮೊಹರು ಬಿದ್ದ ಸಂತೋಷದಲ್ಲಿ ಗಾಡಿಯ ನಿರ್ಗಮನ ಮೊಹರು ಮರೆತುಹೋಗುತ್ತದೆ. ಕಸ್ಟಮ್ಸ್‌ನಲ್ಲೂ ಎರಡು ಕೌಂಟರ್ ಕೇಳಿಕೊಂಡು ಹೋಗಿ. ಹೊರಡುವ ಮುನ್ನ ಹಾಳೆಯ ಫೋಟೊ ತೆಗೆದು, ದಿನಾಂಕ ಓದಿ, ಆಮೇಲೆ ಎಂಜಿನ್ ಶುರು ಮಾಡಿ. ಈ ಕೆಲಸವನ್ನು ಮನೆಯ ಒಬ್ಬ ಹದಿಹರೆಯದ ಮಗುವಿಗೆ ಒಪ್ಪಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಕಾರ್ನೆಟ್ ಒಂದು ವರ್ಷದ್ದಾದರೂ ಆಯಾ ದೇಶ ಗಾಡಿಗೆ ಕೊಡುವ ಅವಧಿ ಕಡಿಮೆ ಇರಬಹುದು. ಮೊಹರಿನ ಪಕ್ಕ ಬರೆದ ದಿನಾಂಕವೇ ನಿಮಗೆ ಲೆಕ್ಕ. ಪ್ರವಾಸ ಉದ್ದವಾಗುವಂತಿದ್ದರೆ ಅವಧಿ ಮುಗಿಯುವ ಮೊದಲೇ ಸಂಘಕ್ಕೆ ಬರೆದು ವಿಸ್ತರಣೆ ಕೇಳಿ.

ಹಂತ 11: ಮರಳಿ ತಂದು ಕಾರ್ನೆಟ್ ಮುಚ್ಚುವುದು

ಮರಳುವಾಗ ಇದೇ ಹಂತಗಳು: ತೊಳೆಯುವುದು, ಕಿಂಡಿ ಮುಚ್ಚುವುದು, ಬಿಲ್ ಕರಡು ಓದುವುದು. ಅಲ್ಲಿ ಕೊಂಡ ಗ್ಯಾಸ್ ಸಿಲಿಂಡರನ್ನು ಯಾರಿಗಾದರೂ ಕೊಟ್ಟುಬಿಡಿ. ಆ ಪ್ಲೈವುಡ್ ಹಲಗೆಯನ್ನು ಪ್ರವಾಸದುದ್ದಕ್ಕೂ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದರೆ ಮತ್ತೆ ಹುಡುಕಬೇಕಿಲ್ಲ.

ಭಾರತದ ಬಂದರಿನಲ್ಲಿ ಗಾಡಿ ವಾಪಸು ಬಂದ ಮೊಹರು ಹಾಕಿಸಿ, ಇಡೀ ಪುಸ್ತಕವನ್ನು ಸಂಘಕ್ಕೆ ಹಿಂದಿರುಗಿಸಿ. ಪ್ರತಿ ದೇಶದ ಎರಡೂ ಮೊಹರು ಸರಿ ಇದ್ದರೆ ಮಾತ್ರ ಬ್ಯಾಂಕ್ ಗ್ಯಾರಂಟಿ ಬಿಡುಗಡೆಯಾಗುತ್ತದೆ. ಎಲ್ಲೋ ಒಂದು ನಿರ್ಗಮನ ಮೊಹರು ತಪ್ಪಿದ್ದರೆ ಗಾಡಿಯನ್ನು ಕಸ್ಟಮ್ಸ್ ಅಧಿಕಾರಿಗೆ ತೋರಿಸಿ, ಅದು ಭಾರತದಲ್ಲೇ ಇದೆ ಎಂಬ ಸ್ಥಳ ಪ್ರಮಾಣಪತ್ರ ಮಾಡಿಸಬೇಕು. ಅದು ಮುಗಿಯುವವರೆಗೆ ಗಾಡಿಯನ್ನು ಮಾರಬೇಡಿ, ಬಣ್ಣ ಬದಲಿಸಬೇಡಿ. ಪುಸ್ತಕ ಕೊಡುವ ಮುನ್ನ ಪ್ರತಿ ಹಾಳೆಯ ಎರಡೂ ಬದಿಯ ಝೆರಾಕ್ಸ್ ತೆಗೆದಿಟ್ಟುಕೊಂಡು, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.